ಅಘನಾಶಿನಿಗೆ ಬಿರುದು ಬಂತು, ಬಳಚು ಆರಿಸುವವರಿಗೆ ಬಂದದ್ದೇನು?

ಅಘನಾಶಿನಿ ಅಳಿವೆಗೆ ರಾಮ್ಸಾರ್ ಬಿರುದು ಘೋಷಣೆಯಾದದ್ದು 2024ರ ಜನವರಿಯಲ್ಲಿ. ವಿಸ್ತೀರ್ಣ 4,801 ಹೆಕ್ಟೇರು. ಇರಾನಿನ ರಾಮ್ಸಾರ್ ಎಂಬ ಊರಲ್ಲಿ 1971ರಲ್ಲಿ ಹಲವು ದೇಶದವರು ಕೂತು ಮಾಡಿಕೊಂಡ ಒಪ್ಪಂದದ ಪಟ್ಟಿಯಲ್ಲಿ ಈಗ ನಮ್ಮ ಕುಮಟೆಯ ಹೊಳೆಬಾಯಿಯೂ ಇದೆ. ರಂಗನತಿಟ್ಟು 2022ರಲ್ಲೇ ಸೇರಿತ್ತು. ಸಂತೋಷದ ಸುದ್ದಿಯೇ ಸರಿ. ಬಿರುದು ಬಂದ ಮೇಲೆ ಪೇಟೆಯ ಲೆಕ್ಕಾಚಾರವೂ ಶುರು: ಇನ್ನು ಟೂರಿಸ್ಟರು ಬರ್ತಾರೆ, ದೋಣಿ ಓಡ್ತದೆ, ಚಾದಂಗಡಿ ನಡೀತದೆ!

ಬರಲಿ ಸ್ವಾಮಿ, ಬೇಡ ಅಂದವರ್ಯಾರು? ಆದರೆ ಬಂದವರಿಗೆ ಬೇಕಾದ್ದು ಹಕ್ಕಿ. ಹಕ್ಕಿಗೆ ಬೇಕಾದ್ದು ಕೆಸರು. ಇಳಿತದ ಹೊತ್ತಿಗೆ ನೀರು ಸರಿದು ದಿಬ್ಬ ತೆರೆದಾಗಲೇ ಬೆಳ್ಳಕ್ಕಿ, ಚಳಿಗಾಲಕ್ಕೆ ಉತ್ತರದ ದೇಶಗಳಿಂದ ಹಾರಿ ಬರುವ ಉದ್ದ ಕೊಕ್ಕಿನ ಹಕ್ಕಿಗಳು ಹುಳ, ಏಡಿಮರಿ ಹೆಕ್ಕುವುದು. ಅದೇ ಗಳಿಗೆಯಲ್ಲಿ ಅದೇ ಕೆಸರಿಗೆ ಹೆಂಗಸರು ಗಂಡಸರು ಬುಟ್ಟಿ ಹಿಡಿದು ಬಳಚು ಆರಿಸಲು ಇಳೀತಾರೆ. ಭರತ ಬಂತೋ, ಇಬ್ಬರ ಊಟವೂ ಮುಚ್ಚಿತು. ಇಳಿತವೂ ದಿನಕ್ಕೆ ಸುಮಾರು ಐವತ್ತು ನಿಮಿಷ ಮುಂದೆ ಹೋಗ್ತಾ ಇರ್ತದೆ. ಬಸ್ಸಿನ ಟೈಮಿಗೆ ಬಂದವರಿಗೆ ಎಷ್ಟೋ ದಿನ ಬರೀ ನೀರೇ ದರ್ಶನ. ಈಗ ಆ ಗಳಿಗೆಗೇ ಇಂಜಿನ್ ದೋಣಿ ಗುಡುಗುಡು ಅಂತ ದಿಬ್ಬದ ಬುಡಕ್ಕೆ ಬಂದರೆ ಹಕ್ಕಿಯೂ ಏಳ್ತದೆ, ಬುಟ್ಟಿಯವರ ಕೆಲಸವೂ ಕೆಡ್ತದೆ.

ಈ ಅಳಿವೆಯನ್ನು ನಂಬಿದ ಕುಟುಂಬಗಳು 6,000ದಿಂದ 7,500 ಅಂತ ಸರ್ಕಾರವೇ ಹೇಳಿದೆ. ಮೀನು, ಏಡಿ, ಬಳಚು, ಸಾಣಿಕಟ್ಟೆಯ ಉಪ್ಪು, ಗಜನಿಯ ಕಗ್ಗ ಭತ್ತ, ಕೊಯ್ಲಾದ ಮೇಲೆ ಅದೇ ಗದ್ದೆಯಲ್ಲಿ ಸಿಗಡಿ. ಕಗ್ಗ ಉಪ್ಪುನೀರಿಗೂ ನೆರೆಗೂ ಬಗ್ಗದ ತಳಿ. ರಾಮ್ಸಾರ್ ಒಪ್ಪಂದ ಇದ್ಯಾವುದನ್ನೂ ನಿಲ್ಲಿಸು ಅನ್ನುವುದಿಲ್ಲ, ವಿವೇಕದಿಂದ ಬಳಸಿ ಅನ್ನುತ್ತದೆ. ಬಿರುದು ಬಂದರೆ ಬಲೆ ಬೀಸುವುದು ಬಂದ್ ಅಂತ ಹೆದರಿಸುವವರ ಮಾತು ನಂಬಬೇಡಿ.

ಹೆದರಬೇಕಾದ್ದು ಬೇರೆ ಕಡೆ. ಈ ಹೊಳೆಗೆ ದೊಡ್ಡ ಅಣೆಕಟ್ಟಿಲ್ಲ. ಘಟ್ಟದ ಸಿಹಿನೀರು ಕಡಲಿನ ಉಪ್ಪಿನ ಜತೆ ಹದವಾಗಿ ಬೆರೆಯುವುದರಿಂದಲೇ ಬಳಚು ಬೆಳೀತದೆ, ಕಾಂಡ್ಲಾ ಚಿಗುರ್ತದೆ. ತದಡಿಯಲ್ಲಿ 4,000 ಮೆಗಾವ್ಯಾಟ್ ಉಷ್ಣ ಸ್ಥಾವರ ಅಂದರು, ಜನ ಎದ್ದು ನಿಂತರು, ಅದು ಬಿದ್ದುಹೋಯಿತು. ಆಮೇಲೆ ಬಂದದ್ದು ಅಘನಾಶಿನಿ ನೀರನ್ನು ವೇದಾವತಿಗೆ ಒಯ್ಯುವ ಪ್ರಸ್ತಾವ. ಘಟ್ಟದ ಮೇಲೆ ನೀರು ತಿರುಗಿಸಿದರೆ ಕೆಳಗೆ ಹದ ತಪ್ಪುತ್ತದೆ. ಒಂದು ಕೈಯಲ್ಲಿ ಬಿರುದು, ಇನ್ನೊಂದು ಕೈಯಲ್ಲಿ ಪೈಪು! ಎರಡನ್ನೂ ಒಟ್ಟಿಗೆ ಹಿಡಿಯುವುದು ಹೇಗೋ ಬೆಂಗಳೂರಿನವರೇ ಬಲ್ಲರು.

ನೋಡಬೇಕು ಅನ್ನುವವರಿಗೆ ಇಂಜಿನ್ ದೋಣಿಯೇ ಬೇಕಂತಿಲ್ಲ. ಗೋಕರ್ಣದಿಂದ ತದಡಿಗೆ ಹೋಗಿ, ಇಳಿತದ ವೇಳೆಯನ್ನು ಅಲ್ಲಿನ ಮೀನುಗಾರರನ್ನೇ ಕೇಳಿಕೊಂಡು ದಡದಲ್ಲಿ ಒಂದು ತಾಸು ಸುಮ್ಮನೆ ಕೂತರೆ ಸಾಕು. ಗರುಡ, ಮಿಂಚುಳ್ಳಿ, ನೀರುಕಾಗೆ ದುರ್ಬೀನಿಲ್ಲದೆಯೂ ಕಾಣ್ತವೆ. ದೋಣಿ ವಿಹಾರಕ್ಕೆ ಪರವಾನಗಿ ಕೊಡುವ ಸಾಹೇಬರು ಮೊದಲು ತೀರ್ಮಾನಿಸಲಿ: ಇಳಿತದ ಆ ನಾಲ್ಕು ತಾಸು ದಿಬ್ಬದ ಹತ್ತಿರ ಇಂಜಿನ್ ಬಂದ್ ಇರುತ್ತದೋ ಇಲ್ಲವೋ? ಮತ್ತು ಅದನ್ನು ತೀರ್ಮಾನಿಸುವ ಮೇಜಿನ ಮುಂದೆ ಬಳಚಿನ ಬುಟ್ಟಿಯವರಿಗೆ ಒಂದು ಕುರ್ಚಿ ಹಾಕ್ತಾರೋ?