ಮೀಥೇನ್ ಎಂಜಿನ್: ಎಲ್ಲಿದ್ದೇವೆ ನಾವು?

ಚಿಂತಾಮಣಿ, ಶಿಡ್ಲಘಟ್ಟದ ಕಡೆ ಹಸು ಕಟ್ಟಿದ ಮನೆಗಳಿಗೆ ಗೋಬರ್ ಗ್ಯಾಸ್ ಹಳೆಯ ಪರಿಚಯ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಮೀಥೇನ್. ಅದೇ ಅನಿಲವನ್ನು ಮೈನಸ್ 162 ಡಿಗ್ರಿಗೆ ತಣಿಸಿ ದ್ರವವಾಗಿಸಿ, ದ್ರವ ಆಮ್ಲಜನಕದ ಜೊತೆ ಉರಿಸಿದ ರಾಕೆಟ್ ಮೊದಲ ಸಲ ಕಕ್ಷೆ ಮುಟ್ಟಿದ್ದು 2023ರ ಜುಲೈ 12ರಂದು. ಚೀನಾದ ಖಾಸಗಿ ಕಂಪನಿ ಲ್ಯಾಂಡ್‌ಸ್ಪೇಸ್‌ನ ಝುಚುಯೆ-2 ಅದು. ಏಳು ತಿಂಗಳ ಹಿಂದಷ್ಟೇ ಅದರ ಮೊದಲ ಯತ್ನ ಸೋತಿತ್ತು. 2024ರ ಜನವರಿಯಲ್ಲಿ ಅಮೆರಿಕದ ವಲ್ಕನ್, ಮರುವರ್ಷ ನ್ಯೂ ಗ್ಲೆನ್ ಮೊದಲ ಹಂತದಲ್ಲಿ ಅದೇ ಇಂಧನ ಉರಿಸಿ ಕಕ್ಷೆ ಸೇರಿದವು.

ಮೀಥೇನೇ ಏಕೆ? ಸೀಮೆಎಣ್ಣೆ ಎಂಜಿನ್ನಿನ ಒಳನಾಳಗಳಲ್ಲಿ ಮಸಿ ಕಟ್ಟುತ್ತದೆ, ಮತ್ತೆ ಮತ್ತೆ ಹಾರಿಸಬೇಕೆಂದರೆ ಅದೇ ತೊಡಕು. ಜಲಜನಕಕ್ಕೆ ಮಸಿಯಿಲ್ಲ. ಆದರೆ ಅದನ್ನು ಮೈನಸ್ 253 ಡಿಗ್ರಿಯಲ್ಲಿ ಕಾಯಬೇಕು, ತೀರಾ ಹಗುರವಾದ್ದರಿಂದ ಭಾರೀ ತೊಟ್ಟಿಯೂ ಬೇಕು. ಮೀಥೇನ್‌ನ ಶೀತ ದ್ರವ ಆಮ್ಲಜನಕದ ಮೈನಸ್ 183ಕ್ಕೆ ಹತ್ತಿರ, ಮಸಿಯೂ ಕಡಿಮೆ.

ನಮ್ಮ ಲೆಕ್ಕ ನೋಡಿದರೆ ಸಂಕಟವಾಗುತ್ತದೆ. 2024ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸಂಪುಟ 8,240 ಕೋಟಿ ರೂಪಾಯಿಯ ಮುಂದಿನ ಪೀಳಿಗೆಯ ಉಡ್ಡಯನ ವಾಹನಕ್ಕೆ ಒಪ್ಪಿಗೆ ಕೊಟ್ಟಿತು. 30 ಟನ್ ಭಾರವನ್ನು ಭೂಮಿಯ ಕೆಳಕಕ್ಷೆಗೆ ಒಯ್ಯಬೇಕಾದ ಈ ವಾಹನಕ್ಕೆ 110 ಟನ್ ನೂಕುಬಲದ ಮೀಥೇನ್ ಎಂಜಿನ್ ಉದ್ದೇಶಿಸಲಾಗಿದೆ. ಗಡುವು 96 ತಿಂಗಳು, ಅಂದರೆ 2032. ವಲಿಯಮಲ ಮತ್ತು ಬೆಂಗಳೂರಿನಲ್ಲಿರುವ ಇಸ್ರೊದ ದ್ರವ ನೋದನ ಕೇಂದ್ರಕ್ಕೆ ವಿದ್ಯೆಯ ಕೊರತೆಯಿಲ್ಲ. ರಷ್ಯಾ ತಂತ್ರಜ್ಞಾನ ಕೊಡದೆ ಹಿಂದೆ ಸರಿದ ಮೇಲೆ ಕ್ರಯೋಜೆನಿಕ್ ಎಂಜಿನ್ನನ್ನು ತಾವೇ ಕಟ್ಟಿ, 2014ರ ಜನವರಿ 5ರಂದು ಹಾರಿಸಿ ತೋರಿಸಿದವರು ಅವರು.

ಅಳುಕು ಇರುವುದು ವೇಗದ ಬಗ್ಗೆ. ಸೀಮೆಎಣ್ಣೆಯ ಅರೆ-ಕ್ರಯೋಜೆನಿಕ್ ಎಂಜಿನ್‌ಗೆ ಅನುಮತಿ ಸಿಕ್ಕಿದ್ದು 2008ರಲ್ಲಿ. ನೂಕುಕೋಣೆಯನ್ನು ಬಿಟ್ಟು ಉಳಿದ ಭಾಗಗಳನ್ನು ಮಹೇಂದ್ರಗಿರಿಯಲ್ಲಿ ಎರಡೂವರೆ ಸೆಕೆಂಡು ಯಶಸ್ವಿಯಾಗಿ ಉರಿಸಲು 2025ರ ಮಾರ್ಚ್ ಬರಬೇಕಾಯಿತು. ಹದಿನೇಳು ವರ್ಷ! ಖಾಸಗಿಯವರ ದಾರಿಯೂ ಸಲೀಸಲ್ಲ: ಬೆಂಗಳೂರಿನ ಬೆಲಾಟ್ರಿಕ್ಸ್ ಏರೋಸ್ಪೇಸ್ ‘ಚೇತಕ್’ ರಾಕೆಟ್‌ಗೆ ಮೀಥೇನ್ ಎಂಜಿನ್ ಯೋಜಿಸಿತ್ತು, ಮುಂದೆ ಉಪಗ್ರಹಗಳ ನೋದನದತ್ತ ಹೊರಳಿತು.

ಎಂಜಿನ್ ಪಳಗುವುದು ಪರೀಕ್ಷಾಕಟ್ಟೆಯ ಮೇಲೆ, ಕೆಟ್ಟು, ಸಿಡಿದು, ಮತ್ತೆ ಉರಿದು. ಸೋಲಿಗೂ ಹಣ ಎತ್ತಿಡದ ಯೋಜನೆ ಗಡುವು ಮುಟ್ಟುವುದಿಲ್ಲ. ಆದ್ದರಿಂದ ಪರೀಕ್ಷೆಗಳ ಪ್ರಗತಿಯನ್ನು, ವಿಫಲವಾದವನ್ನೂ ಸೇರಿಸಿ, ಇಸ್ರೊ ವರ್ಷವರ್ಷ ಜನರ ಮುಂದಿಡಲಿ.

ನಮ್ಮ ಚಿಕ್ಕಬಳ್ಳಾಪುರ ಜಿಲ್ಲೆಗೂ ಇದರಲ್ಲಿ ಪಾಲಿದೆ. ಗೌರಿಬಿದನೂರಿನ ರೇಡಿಯೊ ದೂರದರ್ಶಕ 1970ರ ದಶಕದಿಂದ ಆಕಾಶಕ್ಕೆ ಕಿವಿಗೊಟ್ಟಿದೆ. ಚಿಕ್ಕಬಳ್ಳಾಪುರದ ಪಕ್ಕದ ಮುದ್ದೇನಹಳ್ಳಿಯಲ್ಲಿ, ವಿಶ್ವೇಶ್ವರಯ್ಯನವರ ಹುಟ್ಟೂರಿನಲ್ಲಿ, ವಿಟಿಯು ಸ್ನಾತಕೋತ್ತರ ಕೇಂದ್ರವಿದೆ. ಅಲ್ಲಿ ಶೀತದ್ರವ ನೋದನದ ಪಾಠ, ಪ್ರಯೋಗಾಲಯಗಳಿಗೆ ರಾಜ್ಯ ಸರ್ಕಾರ ಮುಂದಿನ ಬಜೆಟ್‌ನಲ್ಲೇ ಹಣ ಕೊಡಬೇಕು.