ಸ್ಟೆಪ್ನಿ ತೆಗೆಯುವ ಮೊದಲು ನಮ್ಮನ್ನು ಕೇಳಿ

ಕಾರು ಕೊಳ್ಳುವವರ ಮತ್ತು ಓಡಿಸುವವರ ಹಕ್ಕೊತ್ತಾಯ ಪತ್ರ

ಇವರಿಗೆ:
ಕೇಂದ್ರ ರಸ್ತೆ ಸಾರಿಗೆ ಮತ್ತು ಹೆದ್ದಾರಿ ಸಚಿವಾಲಯ
ಕರ್ನಾಟಕ ಸರ್ಕಾರದ ಸಾರಿಗೆ ಇಲಾಖೆ
ಕಾರು ತಯಾರಿಸುವ ಎಲ್ಲ ಕಂಪನಿಗಳು ಮತ್ತು ಅವುಗಳ ಮಾರಾಟಗಾರರು



2020ರ ಜುಲೈನಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ಒಂದು ತಿದ್ದುಪಡಿ ಬಂತು. 3.5 ಟನ್ ತೂಕ ಮೀರದ ಪ್ರಯಾಣಿಕ ಕಾರಿಗೆ ಟ್ಯೂಬ್‌ಲೆಸ್ ಟೈರುಗಳಿದ್ದು, ಗಾಳಿಯ ಒತ್ತಡ ಇಳಿದರೆ ಚಾಲಕನನ್ನು ಎಚ್ಚರಿಸುವ ಟಿಪಿಎಂಎಸ್ ವ್ಯವಸ್ಥೆ ಮತ್ತು ಪಂಕ್ಚರ್ ರಿಪೇರಿ ಕಿಟ್ ಕೊಟ್ಟಿದ್ದರೆ, ಸ್ಟೆಪ್ನಿ ಕೊಡಲೇಬೇಕೆಂದಿಲ್ಲ ಎಂಬುದು ಅದರ ಸಾರ. ಉಳಿದ ಜಾಗದಲ್ಲಿ ಹೆಚ್ಚು ಸಾಮರ್ಥ್ಯದ ಬ್ಯಾಟರಿ ಕೂರಿಸಬಹುದು, ಬೇರೆ ದೇಶಗಳಲ್ಲೂ ಹೀಗೇ ಇದೆ ಎಂದು ಸಚಿವಾಲಯ ಕಾರಣ ಕೊಟ್ಟಿತು.

ಈ ಕಾರಣಗಳನ್ನು ನಾವು ತಳ್ಳಿಹಾಕುವುದಿಲ್ಲ. ವಿದ್ಯುತ್ ಕಾರಿನ ನೆಲದಡಿ ಬ್ಯಾಟರಿ ಹರಡಿಕೊಂಡಿರುತ್ತದೆ. ಸಿಎನ್‌ಜಿ ಕಾರಿನ ಡಿಕ್ಕಿಯಲ್ಲಿ ಸಿಲಿಂಡರ್ ಕೂತಿರುತ್ತದೆ. ನಾಲ್ಕು ಮೀಟರ್ ಒಳಗಿನ ಕಾರಿಗೆ ತೆರಿಗೆ ಕಡಿಮೆಯಾದ್ದರಿಂದ ನಮ್ಮಲ್ಲಿ ಹೆಚ್ಚು ಮಾರಾಟವಾಗುವ ಕಾರುಗಳ ಹಿಂಭಾಗ ಮೊದಲೇ ಮೊಟಕು. ಚಕ್ರವೊಂದನ್ನು ಇಳಿಸಿದರೆ ಭಾರ ತಗ್ಗಿ ಮೈಲೇಜ್ ತುಸು ಏರುತ್ತದೆ. ಇವೆಲ್ಲ ನಿಜ. ಆದರೆ ಕಾರು ಓಡಬೇಕಾದ ರಸ್ತೆ ಯಾವುದು, ಅಲ್ಲಿ ಟೈರು ಕೆಡುವುದು ಹೇಗೆ ಎಂಬ ಪ್ರಶ್ನೆಗೆ ಈ ಕಾರಣಗಳಲ್ಲಿ ಉತ್ತರವಿಲ್ಲ. ಆದ್ದರಿಂದ ಈ ಪತ್ರ.

1. ಸ್ಟೆಪ್ನಿಯೋ ಕಿಟ್ಟೋ ಎಂಬುದನ್ನು ಕೊಳ್ಳುವವರು ತೀರ್ಮಾನಿಸಲಿ

ನಿಯಮ ಸ್ಟೆಪ್ನಿಯನ್ನು ನಿಷೇಧಿಸಿಲ್ಲ, ಕಡ್ಡಾಯವನ್ನಷ್ಟೇ ಸಡಿಲಿಸಿದೆ. ಆ ಸಡಿಲಿಕೆಯ ಲಾಭ ಇವತ್ತು ತಯಾರಕರಿಗೆ ಮಾತ್ರ ದಕ್ಕಿದೆ. ಪ್ರತಿ ಮಾದರಿಯ ಕಾರಿಗೂ ಬುಕಿಂಗ್ ಸಮಯದಲ್ಲೇ ಸ್ಟೆಪ್ನಿ, ಜಾಕ್, ಸ್ಪ್ಯಾನರುಗಳ ಆಯ್ಕೆ ಇರಬೇಕು. ಅದರ ಬೆಲೆಯನ್ನು ದರಪಟ್ಟಿಯಲ್ಲಿ ತೋರಿಸಬೇಕು. ಡಿಕ್ಕಿಯಲ್ಲಿ ಜಾಗವಿಲ್ಲದಿದ್ದರೆ ಕಾರಿನ ಅಡಿಯಲ್ಲಿ ತೂಗುಹಾಕುವ ವ್ಯವಸ್ಥೆ ಮಾಡಬಹುದು. ಸಿಎನ್‌ಜಿ ಕಾರುಗಳಲ್ಲೇ ಕೆಲವು ತಯಾರಕರು ಹಾಗೆ ಮಾಡಿ ತೋರಿಸಿದ್ದಾರೆ. ಹೆಚ್ಚು ಬೆಲೆಯ ಆವೃತ್ತಿಯಲ್ಲಿ ಸ್ಟೆಪ್ನಿ ಕೊಟ್ಟು ಅಗ್ಗದ ಆವೃತ್ತಿಯಲ್ಲಿ ಕಿಟ್ ಇಡುವುದನ್ನು, ಅಥವಾ ಅದನ್ನು ತಿರುವುಮುರುವು ಮಾಡುವುದನ್ನು ನಾವು ಒಪ್ಪುವುದಿಲ್ಲ. ಕಷ್ಟದ ಹೊತ್ತಿನ ಅಗತ್ಯವನ್ನು ಸನ್‌ರೂಫ್ ಜೊತೆಗೆ ಕಟ್ಟಿ ಮಾರುವುದು ತಪ್ಪು.

2. ಕಿಟ್ ಏನು ಮಾಡಲಾರದು ಎಂಬುದನ್ನು ದಪ್ಪ ಅಕ್ಷರದಲ್ಲಿ ಹೇಳಿ

ನಮ್ಮ ಪತ್ರದ ಮುಖ್ಯ ಒತ್ತಾಯ ಇದು.

ಕಿಟ್ ಎಂದರೆ ಒಂದು ಬಾಟಲಿ ಸೀಲೆಂಟ್ ದ್ರವ, ಒಂದು ಪುಟ್ಟ ಕಂಪ್ರೆಸರ್. ಕಾರಿನ 12 ವೋಲ್ಟ್ ಸಾಕೆಟ್ಟಿಗೆ ಕಂಪ್ರೆಸರ್ ಸಿಕ್ಕಿಸಿದರೆ ದ್ರವವೂ ಗಾಳಿಯೂ ವಾಲ್ವಿನ ಮೂಲಕ ಟೈರಿನೊಳಗೆ ಹೋಗುತ್ತವೆ. ಒಂದಷ್ಟು ದೂರ ಓಡಿಸಿದಾಗ ಚಕ್ರ ತಿರುಗಿ ದ್ರವ ಒಳಗೆಲ್ಲ ಹರಡಿ ತೂತನ್ನು ಮುಚ್ಚುತ್ತದೆ. ಬಳಿಕ ನಿಲ್ಲಿಸಿ ಗಾಳಿ ನೋಡಿ, ಗಂಟೆಗೆ 80 ಕಿ.ಮೀ. ಮೀರದಂತೆ ಹತ್ತಿರದ ಪಂಕ್ಚರ್ ಅಂಗಡಿ ಸೇರಬೇಕು. ಮೊಳೆ ಚುಚ್ಚಿದ ತೂತಿಗೆ ಇದು ನಿಜಕ್ಕೂ ಒಳ್ಳೆಯ ಉಪಾಯ. ಆ ಮೊಳೆಯನ್ನು ಕೀಳಬಾರದು, ಇದ್ದಲ್ಲೇ ಬಿಟ್ಟು ದ್ರವ ತುಂಬಬೇಕು ಎಂಬುದನ್ನು ಕೂಡ ಶೋರೂಮಿನಲ್ಲಿ ಯಾರೂ ಹೇಳಿಕೊಡುವುದಿಲ್ಲ.

ಆದರೆ ಈ ದ್ರವ ಟೈರಿನ ನಡುಪಟ್ಟಿಯಲ್ಲಿ, ಅಂದರೆ ನೆಲಕ್ಕೆ ತಾಗುವ ಭಾಗದಲ್ಲಿ, ಕೆಲವೇ ಮಿಲಿಮೀಟರ್ ಅಗಲದ ತೂತಿಗೆ ಮಾತ್ರ ಕೆಲಸ ಮಾಡುತ್ತದೆ. ಮಾಲೀಕರ ಕೈಪಿಡಿಗಳಲ್ಲಿ ಇದು ಸಣ್ಣ ಅಕ್ಷರದಲ್ಲಿರುತ್ತದೆ. ಟೈರಿನ ಪಕ್ಕೆ ಸೀಳಿದರೆ ಕಿಟ್ ನಿರುಪಯೋಗಿ. ರಿಮ್ ಬಾಗಿ ಅಂಚಿನಿಂದ ಗಾಳಿ ಸೋರಿದರೂ ನಿರುಪಯೋಗಿ.

ಕರ್ನಾಟಕದ ರಸ್ತೆಯಲ್ಲಿ ಪಕ್ಕೆ ಸೀಳುವುದು ಅಪರೂಪವೇ? ಮಳೆಗಾಲದಲ್ಲಿ ನೀರು ತುಂಬಿದ ಗುಂಡಿಯ ಆಳ ಕಾಣುವುದಿಲ್ಲ. ಚಕ್ರ ಅದರೊಳಗೆ ಬಿದ್ದಾಗ ಟೈರಿನ ಪಕ್ಕೆ ಗುಂಡಿಯ ಅಂಚಿಗೂ ರಿಮ್ಮಿಗೂ ನಡುವೆ ಸಿಕ್ಕಿ ಒಳಗಿನ ನೂಲು ಹರಿಯುತ್ತದೆ. ಕೆಲವೊಮ್ಮೆ ಅಲ್ಲೇ ಸೀಳುತ್ತದೆ, ಕೆಲವೊಮ್ಮೆ ಉಬ್ಬು ಬಂದು ಮುಂದೆಲ್ಲೋ ಒಡೆಯುತ್ತದೆ. ಎದುರಿನ ಬಸ್ಸಿಗೆ ದಾರಿ ಬಿಡಲು ಡಾಂಬರಿನಿಂದ ಕೆಳಗಿಳಿದು ಮತ್ತೆ ಹತ್ತುವಾಗ ಮುರಿದ ಡಾಂಬರಿನ ಅಂಚು ಪಕ್ಕೆಯನ್ನು ಕೊಯ್ಯುತ್ತದೆ. ಅಗಲೀಕರಣ ನಡೆಯುವ ಕಡೆ ಚೂಪು ಜಲ್ಲಿ ಹರಡಿಕೊಂಡಿರುತ್ತದೆ. ಇತ್ತೀಚಿನ ಕಾರುಗಳ ಅಂದಕ್ಕೆಂದು ಬಂದ ದೊಡ್ಡ ರಿಮ್, ಗಿಡ್ಡ ಪಕ್ಕೆಯ ಟೈರುಗಳು ಈ ಪೆಟ್ಟನ್ನು ಇನ್ನೂ ಕಡಿಮೆ ತಡೆಯುತ್ತವೆ.

ಆದ್ದರಿಂದ ಸ್ಟೆಪ್ನಿ ಇಲ್ಲದ ಪ್ರತಿ ಕಾರಿನ ಬ್ರೋಷರಿನಲ್ಲಿ, ಬುಕಿಂಗ್ ಫಾರಂನಲ್ಲಿ, ಡಿಕ್ಕಿಯ ಒಳಮುಚ್ಚಳದ ಮೇಲೆ ಕನ್ನಡದಲ್ಲೂ ಈ ಮಾತಿರಬೇಕು: ‘ಈ ಕಾರಿನಲ್ಲಿ ಸ್ಟೆಪ್ನಿ ಇಲ್ಲ. ಟೈರಿನ ಪಕ್ಕೆ ಹರಿದರೆ ಈ ಕಿಟ್‌ನಿಂದ ರಿಪೇರಿ ಸಾಧ್ಯವಿಲ್ಲ.’ ಓದಿ ಸಹಿ ಹಾಕಿದ ಮೇಲೆಯೇ ಹಣ ಪಡೆಯಬೇಕು.

3. ಘಟ್ಟ ಮತ್ತು ಕಾಡಿನ ದಾರಿಗಳಿಗೆ ಬರೆದುಕೊಟ್ಟ ಭರವಸೆ ಬೇಕು

‘ಏನಾದರೂ ಆದರೆ ಒಂದು ಫೋನ್ ಮಾಡಿ ಸರ್’ ಎಂಬುದು ಮಾರಾಟಗಾರರ ಸಿದ್ಧ ಉತ್ತರ. ಶಿರಾಡಿ, ಚಾರ್ಮಾಡಿ, ಆಗುಂಬೆಯ ತಿರುವುಗಳಲ್ಲಿ ಫೋನಿಗೆ ಸಿಗ್ನಲ್ ಸಿಗದ ಜಾಗಗಳಿವೆ. ಸಿಕ್ಕರೂ ನೆರವಿನ ವಾಹನ ಘಟ್ಟದ ಕೆಳಗಿನಿಂದಲೋ ಮೇಲಿನಿಂದಲೋ ಬರಬೇಕು.

ಬಂಡೀಪುರದ ಮಾತು ಬೇರೆಯೇ. ಗುಂಡ್ಲುಪೇಟೆಯಿಂದ ಊಟಿ ಮತ್ತು ಸುಲ್ತಾನ್ ಬತ್ತೇರಿ ಕಡೆಗೆ ಹೋಗುವ ಹೆದ್ದಾರಿಗಳಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರ ನಿರ್ಬಂಧವಿದೆ. 2009ರಲ್ಲಿ ಬಂದ ಆ ನಿರ್ಬಂಧ ಕಾಡುಪ್ರಾಣಿಗಳಿಗಾಗಿ, ಅದನ್ನು ನಾವು ಪೂರ್ತಿ ಬೆಂಬಲಿಸುತ್ತೇವೆ. ಗೇಟು ಮುಚ್ಚುವ ಹೊತ್ತು ಹತ್ತಿರವಾದಾಗ ಕಾಡಿನ ನಡುವೆ ಟೈರು ಹೋದರೆ ಕಾರಿನಿಂದ ಇಳಿಯುವುದೇ ಅಪಾಯ. ಅಲ್ಲಿ ಮೊಳೆಯ ತೂತಾದರೆ ಜಾಕ್ ಹಚ್ಚಿ ಕೂರುವುದಕ್ಕಿಂತ ಕಿಟ್ ಮೇಲು: ಗಾಳಿ ತುಂಬಿ ಚೆಕ್‌ಪೋಸ್ಟ್ ತಲುಪಬಹುದು. ಪಕ್ಕೆ ಸೀಳಿದರೆ ಸ್ಟೆಪ್ನಿಯೊಂದೇ ದಾರಿ. ಎರಡೂ ಸಿಗುವಂತಿರಬೇಕೆಂದು ನಾವು ಕೇಳುತ್ತಿರುವುದು ಇದಕ್ಕೇ.

ಸ್ಟೆಪ್ನಿ ಕೊಡದ ತಯಾರಕರು ಕಾರಿನ ಖಾತರಿ ಅವಧಿಯುದ್ದಕ್ಕೂ ಉಚಿತ ರಸ್ತೆ ನೆರವು ಕೊಡಬೇಕು. ಎಷ್ಟು ಹೊತ್ತಿನೊಳಗೆ ಬರುತ್ತಾರೆ, ಬಾರದಿದ್ದರೆ ಪರಿಹಾರವೆಷ್ಟು ಎಂಬುದು ಲಿಖಿತವಾಗಿರಬೇಕು. ಬರುವವರು ಅದೇ ಅಳತೆಯ ಚಕ್ರವನ್ನು ಜೊತೆಗೆ ತರಬೇಕು. ಹಲವು ವಿದ್ಯುತ್ ಕಾರುಗಳನ್ನು ಚಕ್ರ ನೆಲಕ್ಕೆ ತಾಗಿಸಿ ಎಳೆಯುವಂತಿಲ್ಲ. ಅವಕ್ಕೆ ಕಾರನ್ನೇ ಮೇಲೇರಿಸಿಕೊಳ್ಳುವ ಫ್ಲಾಟ್‌ಬೆಡ್ ವಾಹನ ಬೇಕು. ರಾಷ್ಟ್ರೀಯ ಹೆದ್ದಾರಿಗಳ 1033 ಸಹಾಯವಾಣಿಯ ಗಸ್ತು ವಾಹನಗಳಲ್ಲಿ ಕಂಪ್ರೆಸರ್, ಗಟ್ಟಿ ಜಾಕ್ ಮತ್ತು ಎಚ್ಚರಿಕೆ ದೀಪ ಇರಲೇಬೇಕು.

4. ಕೊಡುವ ಸ್ಟೆಪ್ನಿ ಸರಿಯಾದ ಸ್ಟೆಪ್ನಿಯಾಗಿರಲಿ

ನಾಲ್ಕು ಚಕ್ರ ಒಂದು ಅಳತೆ, ಐದನೆಯದು ಕಿರಿದು, ಅದರ ಮೇಲೆ 80 ಕಿ.ಮೀ. ವೇಗಮಿತಿಯ ಚೀಟಿ: ಇದು ಬಹಳ ಕಾರುಗಳ ಸ್ಥಿತಿ. ಹತ್ತಿರದ ಅಂಗಡಿಗೆ ಹೋಗಲು ಅದು ಸಾಕು. ಆದರೆ ಹರಿದ ಟೈರಿನ ಅಳತೆ ಸಣ್ಣ ಊರಿನಲ್ಲಿ ಸಿಗದಿದ್ದರೆ ಅದರಲ್ಲೇ ದೂರದ ಪ್ರಯಾಣ ಮುಗಿಸಬೇಕಾಗುತ್ತದೆ. ಪೂರ್ಣ ಅಳತೆಯ ಚಕ್ರ ಕೇಳಿದವರಿಗೆ ಸಿಗಬೇಕು. ಡೆಲಿವರಿ ದಿನ ಐದೂ ಟೈರುಗಳ ತಯಾರಿಕಾ ಸಂಕೇತವನ್ನು ತೋರಿಸಬೇಕು. ಪಕ್ಕೆಯ ಮೇಲಿನ ನಾಲ್ಕು ಅಂಕಿಗಳಲ್ಲಿ ಮೊದಲೆರಡು ವಾರ, ಕೊನೆಯೆರಡು ವರ್ಷ. 2324 ಎಂದಿದ್ದರೆ 2024ರ 23ನೇ ವಾರ.

5. ಸೀಲೆಂಟ್ ಬಾಟಲಿಗೆ ಅವಧಿಯಿದೆ, ಅದರ ಹೊಣೆ ಹೊರಿ

ಬಾಟಲಿ ಒಮ್ಮೆ ಬಳಸಿದರೆ ಮುಗಿಯಿತು. ಬಳಸದಿದ್ದರೂ ಕೆಲವು ವರ್ಷಗಳಲ್ಲಿ ಅವಧಿ ತೀರುತ್ತದೆ, ಬಿಸಿಲಲ್ಲಿ ನಿಂತ ಕಾರಿನ ಡಿಕ್ಕಿಯಲ್ಲಿ ಅದು ಬೇಯುತ್ತಲೂ ಇರುತ್ತದೆ. ಪ್ರತಿ ಸರ್ವಿಸ್‌ನಲ್ಲಿ ಬಾಟಲಿಯ ದಿನಾಂಕ ನೋಡಿ ಬಿಲ್ಲಿನಲ್ಲಿ ನಮೂದಿಸಬೇಕು. ಹೊಸ ಬಾಟಲಿ ಎಲ್ಲ ಸರ್ವಿಸ್ ಕೇಂದ್ರಗಳಲ್ಲೂ ಸಿಗಬೇಕು. ಸೆಕೆಂಡ್ ಹ್ಯಾಂಡ್ ಕಾರು ಮಾರುವ ಸಂಸ್ಥೆಗಳಿಗೂ ಇದು ಅನ್ವಯಿಸಬೇಕು, ಏಕೆಂದರೆ ಖಾಲಿ ಬಾಟಲಿಯ ಕಾರು ಕೊಂಡವರಿಗೆ ಅದು ಗೊತ್ತಾಗುವುದು ಟೈರು ಕುಸಿದ ದಿನ.

6. ಪಂಕ್ಚರ್ ಅಂಗಡಿಯವರನ್ನು ಮರೆಯಬೇಡಿ

ನಮ್ಮ ಹೆದ್ದಾರಿಗಳಲ್ಲಿ ಸಂಚಾರ ನಿಲ್ಲದಂತೆ ನೋಡಿಕೊಳ್ಳುತ್ತಿರುವವರು ಈ ಅಂಗಡಿಯವರು. ಅವರ ಸೂಜಿ, ರಬ್ಬರ್ ಸ್ಟ್ರಿಪ್ ಮತ್ತು ಅನುಭವ ನಡುರಾತ್ರಿಯಲ್ಲೂ ಸಿಗುತ್ತವೆ. ದ್ರವ ತುಂಬಿದ ಟೈರನ್ನು ಬಿಚ್ಚುವುದು, ತೊಳೆಯುವುದು, ಒಳಗಿರುವ ಟಿಪಿಎಂಎಸ್ ಸೆನ್ಸರ್ ಕೆಡದಂತೆ ಒರೆಸುವುದು ಅವರಿಗೆ ಹೆಚ್ಚುವರಿ ಕೆಲಸ. ಕಾರು ಮತ್ತು ಟೈರು ಕಂಪನಿಗಳು ಅವರಿಗೆ ಕನ್ನಡದಲ್ಲಿ ಉಚಿತ ತರಬೇತಿ ಕೊಡಬೇಕು. ಸೀಲೆಂಟಿನಲ್ಲಿರುವ ರಾಸಾಯನಿಕವೇನು, ಕಣ್ಣಿಗೆ ಚರ್ಮಕ್ಕೆ ತಾಗಿದರೆ ಏನು ಮಾಡಬೇಕು ಎಂಬುದನ್ನು ಬಾಟಲಿಯ ಮೇಲೆ ಅವರು ಓದಬಲ್ಲ ಭಾಷೆಯಲ್ಲಿ ಬರೆಯಬೇಕು.

7. ಟ್ಯಾಕ್ಸಿ ಮತ್ತು ಆಂಬುಲೆನ್ಸ್‌ಗೆ ಸಡಿಲಿಕೆ ಬೇಡ

ಹಳದಿ ಬೋರ್ಡಿನ ಕಾರು ನಿಂತರೆ ಚಾಲಕನ ಆ ದಿನದ ದುಡಿಮೆ ನಿಲ್ಲುತ್ತದೆ. ಆಂಬುಲೆನ್ಸ್ ನಿಂತರೆ ಏನಾಗುತ್ತದೆಂದು ವಿವರಿಸಬೇಕಿಲ್ಲ. ಈ ಎರಡಕ್ಕೂ ಗಾಳಿ ತುಂಬಿದ ಸ್ಟೆಪ್ನಿ ಕಡ್ಡಾಯವಾಗಬೇಕು, ಅರ್ಹತಾ ಪತ್ರ ಕೊಡುವಾಗ ಪರಿಶೀಲಿಸಬೇಕು.

8. ಚಕ್ರ ಎತ್ತಲಾಗದವರ ಮಾತನ್ನೂ ಕೇಳಿ

ಸ್ಟೆಪ್ನಿಯನ್ನು ಸಮರ್ಥಿಸುವ ನಮ್ಮಲ್ಲಿ ಹಲವರು ಇದನ್ನು ಕಡೆಗಣಿಸುತ್ತಾರೆ. ಉಕ್ಕಿನ ರಿಮ್ಮಿನ ಚಕ್ರ 15 ಕಿಲೋ ಮೀರುವುದು ಸಾಮಾನ್ಯ. ಬೆನ್ನುನೋವಿರುವವರಿಗೆ, ಹಿರಿಯರಿಗೆ, ಅಂಗವಿಕಲ ಚಾಲಕರಿಗೆ, ಗರ್ಭಿಣಿಯರಿಗೆ ಡಿಕ್ಕಿಯ ಗುಂಡಿಯಿಂದ ಅದನ್ನು ಎತ್ತುವುದು ಆಗದ ಕೆಲಸ. ಗಾಳಿಯ ಗನ್ನಿನಿಂದ ಮಿತಿಮೀರಿ ಬಿಗಿದ ನಟ್ಟುಗಳು ಗಟ್ಟಿ ಆಳಿಗೂ ಬಗ್ಗುವುದಿಲ್ಲ. ಸ್ಟೆಪ್ನಿ ಇರುವ ಕಾರಿಗೂ ಕಂಪ್ರೆಸರ್ ಮತ್ತು ಟಿಪಿಎಂಎಸ್ ಕೊಡಿ. ಉದ್ದ ಹಿಡಿಯ ಸ್ಪ್ಯಾನರ್ ಕೊಡಿ. ಸರ್ವಿಸ್ ಕೇಂದ್ರದವರು ನಟ್ಟುಗಳನ್ನು ಕಂಪನಿ ಹೇಳಿದ ಟಾರ್ಕ್‌ಗೇ ಬಿಗಿಯಲಿ. ಡ್ರೈವಿಂಗ್ ಶಾಲೆಗಳಲ್ಲಿ ಚಕ್ರ ಬದಲಿಸುವುದನ್ನೂ ಕಿಟ್ ಬಳಸುವುದನ್ನೂ ಪ್ರತಿಯೊಬ್ಬರ ಕೈಯಲ್ಲಿ ಮಾಡಿಸಲಿ.

9. ರಸ್ತೆಯಂಚು ಶುಚಿಗೊಳಿಸಿ

ಕಾಮಗಾರಿ ಮುಗಿದ ಮೇಲೆ ಉಳಿಯುವ ಜಲ್ಲಿ, ಕಂಬಿ ತುಂಡು, ಮೊಳೆಗಳನ್ನು ತೆಗೆಸುವುದು ಗುತ್ತಿಗೆದಾರರ ಕರಾರಿನಲ್ಲಿರಬೇಕು. ತೆಗೆಸದಿದ್ದರೆ ಬಿಲ್ ತಡೆಹಿಡಿಯಬೇಕು.

ಓದುಗರಲ್ಲಿ ನಮ್ಮದೊಂದು ಕೋರಿಕೆ. ಹೊಸ ಕಾರಿಗೆ ಮುಂಗಡ ಕೊಡುವ ಮುನ್ನ ಡಿಕ್ಕಿಯ ಚಾಪೆ ಎತ್ತಿಸಿ ನೋಡಿ. ಸ್ಟೆಪ್ನಿ ಇಲ್ಲದಿದ್ದರೆ ಅದರ ಆಯ್ಕೆ ಬೇಕೆಂದು ಬರವಣಿಗೆಯಲ್ಲಿ ಕೇಳಿ, ಉತ್ತರವನ್ನೂ ಬರವಣಿಗೆಯಲ್ಲೇ ಪಡೆಯಿರಿ. ಆ ಉತ್ತರದ ಪ್ರತಿಯನ್ನು ಈ ಪತ್ರದ ಜೊತೆ ಸೇರಿಸಿ ನಿಮ್ಮ ಊರಿನ ಆರ್‌ಟಿಒ ಕಚೇರಿಗೆ ಕೊಟ್ಟು ಸ್ವೀಕೃತಿ ಪಡೆಯಿರಿ.