ಆತಂಕಕ್ಕೆ ಗಂಟೆಯ ಲೆಕ್ಕದ ಸಮಾಧಾನ

ಪರೀಕ್ಷೆಯಲ್ಲಿ ತೇರ್ಗಡೆಯಾಗಲು, ಆಂಗ್ಲ ಭಾಷೆಯಲ್ಲಿ ಮಾತನಾಡಲು, ಕ್ರಿಕೆಟ್ ಚೆಂಡನ್ನು ಸರಿಯಾಗಿ ಎಸೆಯಲು ಶುಲ್ಕ ತೆತ್ತು ಕಲಿಯುವುದು ನಮ್ಮಲ್ಲಿ ವಾಡಿಕೆಯಾಗಿ ಹೋಗಿದೆ. ಆದರೆ ಭೂಮಿ ಬಿಸಿಯೇರುತ್ತಿದೆ, ಮಳೆ ಹಾದಿ ತಪ್ಪಿದೆ, ಮುಂದೇನು ಗತಿ ಎಂದು ಕಳವಳಪಡುವವರಿಗೆ ಆ ಕಳವಳವನ್ನು ತಾಳಿಕೊಳ್ಳುವ ಬಗೆಯನ್ನು ಗಂಟೆಯ ಲೆಕ್ಕದಲ್ಲಿ ಕಲಿಸಿಕೊಡುವ ಕೋಚುಗಳೂ ಹುಟ್ಟಿಕೊಂಡಿರುವ ಸಂಗತಿ ನಮ್ಮ ವಾಚಕರಲ್ಲಿ ಅನೇಕರಿಗೆ ತಿಳಿದಿರಲಾರದು. ಸ್ನೇಹಿತರೊಬ್ಬರ ಮನೆಯಲ್ಲಿ ಅದರ ಅನುಭವವಾಗುವವರೆಗೆ ನನಗೂ ತಿಳಿದಿರಲಿಲ್ಲ.

ಆ ಸ್ನೇಹಿತರ ಮಗಳು ಬೆಂಗಳೂರಿನಲ್ಲಿ ಉದ್ಯೋಗದಲ್ಲಿದ್ದಾಳೆ. 2024ರ ಬೇಸಿಗೆಯಲ್ಲಿ ಆ ನಗರದ ಕೊಳವೆಬಾವಿಗಳು ಸಾಲುಸಾಲಾಗಿ ಬತ್ತಿದಾಗ, ಅವಳಿದ್ದ ಕಟ್ಟಡದವರು ಟ್ಯಾಂಕರಿಗಾಗಿ ನಡುರಾತ್ರಿಯವರೆಗೆ ಕಾದು ಕುಳಿತಾಗ, ಅವಳಿಗೆ ನಿದ್ರೆ ಬಾರದಾಯಿತು. ಮದುವೆಯ ಮಾತೆತ್ತಿದರೆ, ಹುಟ್ಟುವ ಮಗುವಿಗೆ ನೀರೆಲ್ಲಿದೆ ಎನ್ನತೊಡಗಿದಳು. ತಂದೆ ಗದರಿದರು, ತಾಯಿ ಹರಕೆ ಹೊತ್ತರು. ಕೊನೆಗೆ ಗೆಳತಿಯೊಬ್ಬಳ ಸಲಹೆಯಂತೆ ಫೋನಿನಲ್ಲಿಯೇ ಮಾರ್ಗದರ್ಶನ ನೀಡುವ ಒಬ್ಬ ಕೋಚಿನ ಬಳಿ ಆರು ವಾರಗಳ ಶುಲ್ಕ ಕಟ್ಟಿದಳು. ಅಲ್ಲಿ ದೊರೆತದ್ದೇನು? ಪತ್ರಿಕೆ ಓದುವುದನ್ನು ಕಡಿಮೆ ಮಾಡು, ಉಸಿರನ್ನು ಎಣಿಸು, ದಿನಕ್ಕೆ ಮೂರು ಸಂತೋಷದ ಸಂಗತಿಗಳನ್ನು ಬರೆದಿಡು, ನಿನ್ನ ಹಿಡಿತದಲ್ಲಿಲ್ಲದ್ದನ್ನು ಬಿಟ್ಟುಬಿಡು. ನಿದ್ರೆ ತುಸು ಬಂತೆಂದು ಅವಳೇ ಒಪ್ಪಿಕೊಂಡಳು. ಅದನ್ನು ಇಲ್ಲಿ ಮುಚ್ಚಿಡುವುದು ನ್ಯಾಯವಲ್ಲ. ಆದರೆ ಅದರ ಜೊತೆಗೆ ಅವಳಾಡಿದ ಮಾತು ನನ್ನನ್ನು ಇನ್ನೂ ಬಿಟ್ಟಿಲ್ಲ: "ಕಾಕಾ, ಆ ಆರು ವಾರಗಳಲ್ಲಿ ಒಮ್ಮೆಯೂ ಕೆರೆಯ ಮಾತು ಬರಲಿಲ್ಲ."

ಈ ಆತಂಕವು ಪೇಟೆಯ ಹುಡುಗಿಯೊಬ್ಬಳ ಕಲ್ಪನಾವಿಲಾಸವೆಂದು ಯಾರೂ ತಿಳಿಯಬಾರದು. 2021ರಲ್ಲಿ ಲ್ಯಾನ್ಸೆಟ್ ಬಳಗದ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಪ್ರಕಟವಾದ ಸಮೀಕ್ಷೆಯೊಂದು ಭಾರತವೂ ಸೇರಿದಂತೆ 10 ದೇಶಗಳ 10,000 ಯುವಕ ಯುವತಿಯರನ್ನು ವಿಚಾರಿಸಿತು. ಎಲ್ಲರೂ 16ರಿಂದ 25ರ ವಯಸ್ಸಿನವರು. ಅವರಲ್ಲಿ ನೂರಕ್ಕೆ 59 ಮಂದಿ ತಾವು ಬಹಳ ಅಥವಾ ವಿಪರೀತ ಚಿಂತಿತರಾಗಿರುವುದಾಗಿ ಹೇಳಿದರು. ನೂರಕ್ಕೆ 45ಕ್ಕಿಂತ ಹೆಚ್ಚು ಜನರಿಗೆ ಆ ಚಿಂತೆ ದಿನನಿತ್ಯದ ಬಾಳಿಗೇ ಅಡ್ಡಬರುತ್ತಿತ್ತು, ಮತ್ತು ಈ ಬಾಧೆ ಬಡದೇಶಗಳ ಕಡೆಗೇ ಹೆಚ್ಚಾಗಿತ್ತು. ಇನ್ನೊಂದು ಅಂಕಿ ನಮ್ಮಂಥ ಹಿರಿಯರು ತಲೆತಗ್ಗಿಸಿ ಓದತಕ್ಕದ್ದು. ಈ ವಿಷಯವನ್ನು ಇತರರೊಡನೆ ಮಾತನಾಡಿದವರಲ್ಲಿ ನೂರಕ್ಕೆ 48 ಮಂದಿ, ತಮ್ಮ ಮಾತನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ ಅಥವಾ ತಳ್ಳಿಹಾಕಿದರು ಎಂದಿದ್ದಾರೆ. ಮನೆಯ ಹಿರಿಯರು ಕೇಳದ ಮಾತನ್ನು ಕೇಳುವುದಕ್ಕೆ ಹೊರಗಿನವನೊಬ್ಬ ಕುರ್ಚಿ ಹಾಕಿಕೊಂಡು ಕುಳಿತರೆ ತಪ್ಪು ಮೊದಲು ಯಾರದು? ಗದರಿದ ತಂದೆಯದು. ಸಲಹೆ ಕೊಡಲು ಹೋಗಿ ಆ ತಂದೆಯ ಪಕ್ಷ ವಹಿಸಿದ ನನ್ನದೂ ಹೌದು.

ಹೀಗೆ ಒಪ್ಪಿಕೊಂಡ ಮೇಲೆ ಕೋಚುಗಳ ವಿಚಾರಕ್ಕೆ ಬರೋಣ.

ಅಮೆರಿಕದ ಮನಶ್ಶಾಸ್ತ್ರಜ್ಞರ ಸಂಘವು 2017ರ ತನ್ನ ವರದಿಯಲ್ಲಿ ಈ ಆತಂಕವನ್ನು ಪರಿಸರದ ವಿನಾಶದ ಕುರಿತಾದ ದೀರ್ಘಕಾಲದ ಭಯವೆಂದು ವರ್ಣಿಸಿತು. ವೈದ್ಯರ ರೋಗಗಳ ಪಟ್ಟಿಯಲ್ಲಿ ಅದು ಸೇರಿಲ್ಲ, ಸೇರದಿರುವುದೇ ಸರಿ. ಮನೆಗೆ ಬೆಂಕಿ ಬಿದ್ದಾಗ ಎದೆ ಬಡಿದುಕೊಳ್ಳುವವನನ್ನು ಯಾರೂ ರೋಗಿಯೆನ್ನುವುದಿಲ್ಲ. ರೋಗವಲ್ಲವಾದ್ದರಿಂದ ವೈದ್ಯರಿಗೆ ಅಲ್ಲಿ ಕೆಲಸ ಕಡಿಮೆ; ಆ ತೆರವಾದ ಜಾಗದಲ್ಲಿಯೇ ಕೋಚು ಅಂಗಡಿ ತೆರೆದಿದ್ದಾನೆ. ವೈದ್ಯನಾಗಲು, ವಕೀಲನಾಗಲು ಪರವಾನಗಿ ಬೇಕು. ಕೋಚೆಂದು ಫಲಕ ತೂಗುಹಾಕಲು ನಮ್ಮ ದೇಶದಲ್ಲಾಗಲಿ ಬ್ರಿಟನ್ ಅಮೆರಿಕಗಳಲ್ಲಾಗಲಿ ಸರಕಾರದ ಪರವಾನಗಿ ಬೇಕಿಲ್ಲ. ಅವರಲ್ಲಿ ಸಜ್ಜನರೂ ಇದ್ದಾರು, ತಿಳಿದವರೂ ಇದ್ದಾರು. ನನ್ನ ಆಕ್ಷೇಪಣೆ ವ್ಯಕ್ತಿಗಳ ಮೇಲಲ್ಲ, ಆ ವ್ಯವಹಾರದ ಮೂಲದಲ್ಲಿರುವ ಒಂದು ನಂಬಿಕೆಯ ಮೇಲೆ. ಬಿಸಿಯಾದದ್ದು ಭೂಮಿ, ಆದರೆ ತಂಪು ಮಾಡಬೇಕಾದದ್ದು ಭಯಪಟ್ಟವನ ತಲೆ ಎಂಬುದೇ ಆ ನಂಬಿಕೆ.

ಇಂಥ ಕೈಚಳಕವನ್ನು ನಾವು ಹಿಂದೆಯೂ ಕಂಡಿದ್ದೇವೆ. ಬಿ.ಪಿ. ಎಂಬ ಬ್ರಿಟನ್ನಿನ ತೈಲ ಕಂಪನಿಯು 2000ದ ದಶಕದ ಮೊದಲ ವರ್ಷಗಳಲ್ಲಿ ಪ್ರತಿಯೊಬ್ಬನ ಇಂಗಾಲದ ಹೆಜ್ಜೆಗುರುತು ಎಷ್ಟೆಂದು ಕೇಳುವ ಜಾಹೀರಾತುಗಳನ್ನು ಹೊರಡಿಸಿತು. ತನ್ನ ತನ್ನ ಪಾಲನ್ನು ತಾನೇ ಕೂಡಿ ನೋಡಿಕೊಳ್ಳಲು ಲೆಕ್ಕದ ಸಾಧನವನ್ನೂ ಜನರ ಕೈಗಿತ್ತಿತು. ಎಣ್ಣೆ ತೆಗೆದು ಮಾರುವವರು ಅವರು. ಸ್ಕೂಟರು ಓಡಿಸಿದ್ದಕ್ಕಾಗಿ ನಾಚಿಕೊಳ್ಳಬೇಕಾದವರು ನಾವು! ಅಂದು ಅಪರಾಧದ ಭಾವವನ್ನು ಮನೆಮನೆಗೆ ಹಂಚಿದರು. ಇಂದು ಭಯವನ್ನೂ ಹಾಗೆಯೇ ಹಂಚಿ, ಅವರವರ ಭಯವನ್ನು ಅವರವರೇ ದುಡ್ಡು ಕೊಟ್ಟು ಇಳಿಸಿಕೊಳ್ಳಲಿ ಎನ್ನಲಾಗುತ್ತಿದೆ. ಹಿಡಿತದಲ್ಲಿಲ್ಲದ್ದನ್ನು ಬಿಟ್ಟುಬಿಡು ಎಂಬ ಉಪದೇಶವನ್ನು ಊರಿಗೆ ಊರೇ ಪಾಲಿಸಿದ ದಿನ ಕೆರೆಯನ್ನು ಒತ್ತುವರಿ ಮಾಡಿದವನಿಗೆ ಹಬ್ಬ.

ಆಸ್ಟ್ರೇಲಿಯದ ತತ್ತ್ವಜ್ಞ ಗ್ಲೆನ್ ಆಲ್ಬ್ರೆಕ್ಟ್ ಇದೇ ಶತಮಾನದ ಆರಂಭದಲ್ಲಿ ಸೊಲಾಸ್ಟಾಲ್ಜಿಯ ಎಂಬ ಹೊಸ ಶಬ್ದವನ್ನು ಕಟ್ಟಿದರು. ಊರು ಬಿಟ್ಟು ಹೋದವನಿಗೆ ಊರಿನ ಹಂಬಲ ಹತ್ತುವುದುಂಟು. ಊರಿನಲ್ಲಿಯೇ ಇದ್ದು, ಕಣ್ಣೆದುರು ಊರೇ ಗುರುತು ಸಿಗದಂತೆ ಕೆಟ್ಟಾಗ ಹುಟ್ಟುವ ಹಂಬಲಕ್ಕೆ ಅವರಿಟ್ಟ ಹೆಸರಿದು. ಹಂಟರ್ ಕಣಿವೆಯಲ್ಲಿ ತೆರೆದ ಕಲ್ಲಿದ್ದಲು ಗಣಿಗಳು ಹೊಲಮನೆಗಳನ್ನು ಸುತ್ತುವರಿದಾಗ ಅಲ್ಲಿಯ ನಿವಾಸಿಗಳ ಸಂಕಟವನ್ನು ಕೇಳಿ ಅವರು ಈ ಮಾತನ್ನು ಕಂಡುಕೊಂಡರು. (ಸಂಡೂರಿನ ಗುಡ್ಡಗಳನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ.) ಆ ನೋವಿನ ಕಾರಣ ಗಣಿಯಲ್ಲಿತ್ತು. ಆ ಜನರಿಗೆ ಉಸಿರೆಣಿಸಲು ಹೇಳಿಕೊಡಬಹುದಾಗಿತ್ತು, ಧೂಳನ್ನೇ ಎಣಿಸಿ ಎಣಿಸಿ ಒಳಗೆ ಎಳೆದುಕೊಳ್ಳುತ್ತಿದ್ದರು.

ಅಮೆರಿಕದ ಮೊಂಟಾನಾ ರಾಜ್ಯದ 16 ಮಂದಿ ಎಳೆಯರು ಬೇರೆ ದಾರಿ ಹಿಡಿದರು. 2020ರಲ್ಲಿ, 2ರಿಂದ 18 ವರ್ಷದೊಳಗಿನ ಈ ಮಕ್ಕಳ ಹೆಸರಿನಲ್ಲಿ, ತಮ್ಮ ರಾಜ್ಯದ ವಿರುದ್ಧವೇ ದಾವೆ ಹೂಡಲಾಯಿತು. ಪರಿಸರ ಬದಲಾವಣೆಯಿಂದ ಹುಟ್ಟಿದ ನಷ್ಟಭಾವ, ಹತಾಶೆ, ಆತಂಕಗಳೂ ನ್ಯಾಯಾಲಯ ಪರಿಗಣಿಸಬೇಕಾದ ಹಾನಿಗಳೇ ಎಂದು 2023ರ ಆಗಸ್ಟಿನಲ್ಲಿ ತೀರ್ಪು ಬಂತು. ಯೋಜನೆಗಳಿಗೆ ಅನುಮತಿ ಕೊಡುವಾಗ ಭೂಮಿಯನ್ನು ಬಿಸಿ ಮಾಡುವ ಅನಿಲಗಳನ್ನು ಲೆಕ್ಕಕ್ಕೆ ಹಿಡಿಯಕೂಡದೆಂಬ ಆ ರಾಜ್ಯದ ಕಾಯಿದೆ ಬಿದ್ದುಹೋಯಿತು. 2024ರ ಡಿಸೆಂಬರಿನಲ್ಲಿ ಅಲ್ಲಿಯ ಸರ್ವೋಚ್ಚ ನ್ಯಾಯಾಲಯವೂ ಆ ತೀರ್ಪನ್ನು ಎತ್ತಿಹಿಡಿಯಿತು. ಅದೇ ಹತಾಶೆ, ಅದೇ ಆತಂಕ! ಕೋಚಿನ ಕೋಣೆಯಲ್ಲಿ ಅದು ನಿವಾರಿಸಬೇಕಾದ ದೌರ್ಬಲ್ಯ. ನ್ಯಾಯಾಲಯದ ಕಟಕಟೆಯಲ್ಲಿ ಅದು ಸಾಕ್ಷ್ಯ.

ಇನ್ನು, ಕೋಚಿನ ಹೆಸರನ್ನೇ ಕೇಳದವರ ಮಾತು. 2023ರಲ್ಲಿ ಮಳೆ ಕೈಕೊಟ್ಟಾಗ ನಮ್ಮ ರಾಜ್ಯದ 236 ತಾಲ್ಲೂಕುಗಳ ಪೈಕಿ 223ನ್ನು ಬರಪೀಡಿತವೆಂದು ಸರಕಾರವೇ ಸಾರಿತು. ಅಂದು ಆಕಾಶ ನೋಡುತ್ತ ಹೊಲದ ಬದುವಿನ ಮೇಲೆ ಕುಳಿತವನ ಆತಂಕಕ್ಕೆ ಯಾವ ಹೆಸರು? ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದ ಟಾಮಾ ಕಾರ್ಲ್‌ಟನ್ ಎಂಬ ಸಂಶೋಧಕಿ 2017ರಲ್ಲಿ ಪ್ರಕಟಿಸಿದ ಅಧ್ಯಯನವು 30 ವರ್ಷಗಳ ಅವಧಿಯಲ್ಲಿ ಭಾರತದ 59,300 ಆತ್ಮಹತ್ಯೆಗಳನ್ನು ತಾಪಮಾನದ ಏರಿಕೆಯ ಲೆಕ್ಕಕ್ಕೆ ಬರೆಯಿತು. ಈ ಎಣಿಕೆಯನ್ನು ಪ್ರಶ್ನಿಸಿದ ವಿದ್ವಾಂಸರೂ ಇದ್ದಾರೆ. ಅಂಕಿಯ ಬಗ್ಗೆ ನಾನು ವಾದಿಸುವುದಿಲ್ಲ. ಅದರಲ್ಲಿಯ ಇನ್ನೊಂದು ಅಂಶವನ್ನು ಮಾತ್ರ ವಾಚಕರು ಗಮನಿಸಬೇಕು. ಪೈರು ನಿಂತ ತಿಂಗಳುಗಳಲ್ಲಿ ಬಿಸಿಲೇರಿದಾಗ ಸಾವುಗಳು ಏರಿದುವು. ಪೈರಿಲ್ಲದ ತಿಂಗಳುಗಳಲ್ಲಿ ಬಿಸಿಲೇರಿದಾಗ ಏರಲಿಲ್ಲ. ಬಿಸಿಲು ಬೆಳೆಯನ್ನು ಸುಟ್ಟು, ಆದಾಯವನ್ನು ಸುಟ್ಟು, ಆ ಹಾದಿಯಾಗಿ ಮನುಷ್ಯನ ಎದೆಯನ್ನು ಮುಟ್ಟುತ್ತದೆಯೆಂದೇ ಇದರ ಅರ್ಥವಲ್ಲವೆ? ಅಂಥವನಿಗೆ ಸಮಾಧಾನ ಹೇಳುವವನು ಬೆಳೆವಿಮೆಯ ಹಣ ಸಕಾಲಕ್ಕೆ ಕೈಸೇರುವ ಮಾತನ್ನೂ ಹೇಳಬೇಕು. ಇಲ್ಲವಾದರೆ ಅವನು ಬಾಯಿ ಮುಚ್ಚಿಕೊಂಡಿರುವುದೇ ಲೇಸು.

ಹಾಗೆಂದು ನೆರವೇ ಬೇಡವೆಂದು ನಾನು ಹೇಳುತ್ತಿಲ್ಲ. ಊಟ ನಿದ್ರೆಗಳು ಬಿಟ್ಟುಹೋದವರಿಗೆ, ಬಾಳೇ ಬೇಡವೆನ್ನಿಸಿದವರಿಗೆ ಕೋಚು ಸಾಲದು, ವೈದ್ಯರೇ ಬೇಕು. ಈ ವಿಷಯದಲ್ಲಿ ನಮ್ಮ ನಾಡು ಬಡವಾಗಿಲ್ಲ. 1980ರ ದಶಕದಲ್ಲಿಯೇ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯವರು ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಕಾರ್ಯಕರ್ತರಿಗೂ ಮನೋವ್ಯಾಧಿಗಳ ಆರೈಕೆಯನ್ನು ಕಲಿಸಿ, ಆ ಚಿಕಿತ್ಸೆಯನ್ನು ಹಳ್ಳಿಯ ಹತ್ತಿರಕ್ಕೆ ತಂದರು. ಆ ಮಾದರಿಯಿಂದಲೇ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಹುಟ್ಟಿತು. 2022ರ ಅಕ್ಟೋಬರಿನಿಂದ ಟೆಲಿ ಮಾನಸ್ ಸೇವೆಯೂ ಇದೆ. 14416ಕ್ಕೆ ಫೋನು ಮಾಡಿದರೆ ಕನ್ನಡದಲ್ಲಿ, ಶುಲ್ಕವಿಲ್ಲದೆ ಮಾತನಾಡುತ್ತಾರೆ. ಆ ಹುಡುಗಿಗೆ ಇದನ್ನು ಯಾರೂ ತಿಳಿಸಿರಲಿಲ್ಲ.

ಉಳಿದವರಿಗೆ ಬೇಕಾದದ್ದು ಜೊತೆಗಾರರು. 2016ರಲ್ಲಿ ಅಮೆರಿಕದಲ್ಲಿ ಆರಂಭವಾದ ಗುಡ್ ಗ್ರೀಫ್ ನೆಟ್‌ವರ್ಕ್ ಎಂಬ ಬಳಗದಲ್ಲಿ ಸಮದುಃಖಿಗಳು ಗುಂಪಾಗಿ ಕುಳಿತು ಹತ್ತು ಮೆಟ್ಟಿಲುಗಳನ್ನು ಏರುತ್ತಾರೆ. ಮೊದಲನೆಯದು ಸಂಕಟದ ತೀವ್ರತೆಯನ್ನು ಒಪ್ಪಿಕೊಳ್ಳುವುದು, ಹತ್ತನೆಯದು ಅರ್ಥವುಳ್ಳ ಕೆಲಸಕ್ಕೆ ಮತ್ತೆ ಕೈಹಚ್ಚುವುದು. ಇದಕ್ಕೆ ನನ್ನ ವಿರೋಧವಿಲ್ಲ. ಕೆಲಸಕ್ಕೆ ತಲುಪದೆ ಮೊದಲ ಮೆಟ್ಟಿಲಲ್ಲಿಯೇ ಕೂಡಿಸಿ, ವಾರವಾರ ಶುಲ್ಕ ಎತ್ತುವುದಕ್ಕೆ ವಿರೋಧವಿದೆ.

ನನ್ನ ಸ್ನೇಹಿತರ ಮಗಳು ಈಗ ಭಾನುವಾರಗಳಂದು ತನ್ನ ಬಡಾವಣೆಯ ಕೆರೆಯ ಗುಂಪಿನೊಡನೆ ಹೋಗುತ್ತಾಳೆ. ಒಳಚರಂಡಿಯ ನೀರು ಎಲ್ಲಿಂದ ನುಗ್ಗುತ್ತದೆಂದು ಗುರುತು ಹಾಕುತ್ತಾರೆ, ಕಚೇರಿಗಳಿಗೆ ಅರ್ಜಿ ಬರೆಯುತ್ತಾರೆ; ಹೆಚ್ಚಿನವಕ್ಕೆ ಉತ್ತರ ಬರುವುದಿಲ್ಲ. ಭಯ ಹೋಗಿಲ್ಲವೆಂದು ಅವಳೇ ಹೇಳುತ್ತಾಳೆ. ಅವಳಿಗೆ ಗುಣವಾಯಿತೇ ಎಂದು ತಂದೆ ಇನ್ನೂ ನನ್ನನ್ನು ಕೇಳುತ್ತಾರೆ. ಒಂದು ಭಾನುವಾರ ತಾವೂ ಕೆರೆಗೆ ಹೋಗಿ ಬನ್ನಿರೆಂದು ಅವರಿಗೆ ಹೇಳಿದ್ದೇನೆ, ಇನ್ನೂ ಹೋಗಿಲ್ಲ.